ಮನೆಯಲ್ಲಿ ಕುಣಿಯುವ ಕೀಬೋರ್ಡ್ ಮಂಟಪದಲ್ಲಿ ಯಾಕೆ ಮಲಗುತ್ತದೆ?

"ಸಾರ್, ಮನೇಲಿ ನುಡಿಸಿದ್ರೆ ಸಖತ್ತಾಗಿರುತ್ತೆ. ದೊಡ್ಡ ಸ್ಪೀಕರ್‌ಗೆ ಹಾಕಿದ್ರೆ ಡಲ್ ಹೊಡೆಯುತ್ತೆ. ಬೇರೆ ಸ್ಪೀಕರ್ ತಗೊಳ್ಲಾ?"

ಗಣೇಶನ ಹಬ್ಬ ಹತ್ತಿರ ಬಂತೆಂದರೆ ಇಂಥ ಫೋನು ಶುರುವಾಗುತ್ತದೆ. ಆರ್ಕೆಸ್ಟ್ರಾದವರು, ಚರ್ಚಿನಲ್ಲಿ ನುಡಿಸುವ ಹುಡುಗರು, ರಿಟೈರ್ ಆದ ಮೇಲೆ ಕಲಿಯಲು ಕೂತವರು, ಎಲ್ಲರದೂ ಒಂದೇ ಗೋಳು. ನನ್ನ ಉತ್ತರವೂ ಒಂದೇ. ದುಡ್ಡು ಜೇಬಿನಲ್ಲೇ ಇರಲಿ, ಮೊದಲು ಕೀಬೋರ್ಡ್‌ನ ಬೆನ್ನು ತೋರಿಸಿ.

ಎಡಗೈಯಲ್ಲಿ ಕಾರ್ಡ್ (ಒಟ್ಟಿಗೆ ಒತ್ತುವ ಮೂರ್ನಾಲ್ಕು ಸ್ವರ) ಹಿಡಿದರೆ ಅರೇಂಜರ್ ಕೀಬೋರ್ಡ್ ಡ್ರಮ್ಸ್, ಬೇಸ್, ಗಿಟಾರ್ ಎಲ್ಲವನ್ನೂ ತಾನೇ ನುಡಿಸುತ್ತದೆ. ಅಂದರೆ ಆರೇಳು ಜನರ ಒಂದು ತಂಡವೇ ಬೆನ್ನಿನಲ್ಲಿ ವಯರ್ ಸಿಕ್ಕಿಸುವ ಆ ಒಂದು ತೂತಿನಿಂದ ಹೊರಗೆ ಬರಬೇಕು. ಅಲ್ಲಿ ತಪ್ಪಾದರೆ ಅರ್ಧ ತಂಡ ಒಳಗೇ ಉಳಿಯುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಒಂದು ರಿಸೆಪ್ಷನ್‌ನಲ್ಲಿ ಹೀಗೇ ಆಯಿತು. ಸೌಂಡ್‌ನವರು ಕೀಬೋರ್ಡ್‌ನ ಹೆಡ್‌ಫೋನ್ ಜಾಕ್‌ನಿಂದ ಒಂದು ವಯರ್ ಎಳೆದು ಮಿಕ್ಸರ್‌ನ (ಎಲ್ಲರ ಸೌಂಡನ್ನೂ ಸೇರಿಸಿ ಸ್ಪೀಕರ್‌ಗೆ ಕಳಿಸುವ ಪೆಟ್ಟಿಗೆ) ಒಂದು ಚಾನೆಲ್‌ಗೆ ಸಿಕ್ಕಿಸಿದ್ದರು. ಸ್ಟ್ರಿಂಗ್ಸ್ ಅಂದರೆ ವಯೊಲಿನ್ ಗುಂಪಿನ ಸೌಂಡು ಕೇಳುತ್ತಿದೆ, ಎಕೋ ಕೇಳುತ್ತಿದೆ. ಕಾಲಲ್ಲಿ ಬಾರಿಸುವ ದಪ್ಪ ಸದ್ದಿನ ಕಿಕ್ ಡ್ರಮ್ ಇಲ್ಲ, ಬೇಸ್ ಗಿಟಾರ್ ಇಲ್ಲ. ಕೀಬೋರ್ಡ್ ನುಡಿಸುವವರು ಬೇಸ್ ಏರಿಸುತ್ತಲೇ ಇದ್ದಾರೆ, ಏನೂ ಬರುತ್ತಿಲ್ಲ. ಸ್ಪೀಕರ್ ಹೋಗಿದೆ ಅಂತ ಆಗಲೇ ಜಗಳ ಶುರುವಾಗಿತ್ತು.

ಸ್ಪೀಕರ್ ಸರಿಯಾಗಿಯೇ ಇತ್ತು. ಹೆಡ್‌ಫೋನ್ ಜಾಕ್ ಸ್ಟೀರಿಯೋ. ಪಿನ್ನಿನ ತುದಿಯಲ್ಲಿ ಎಡಕಿವಿಯ ಸೌಂಡು, ನಡುವಿನ ಉಂಗುರದಲ್ಲಿ ಬಲಕಿವಿಯದು. ಮಿಕ್ಸರ್‌ನ ಬ್ಯಾಲೆನ್ಸ್ಡ್ ಇನ್‌ಪುಟ್ ಮೂರು ಸಂಪರ್ಕದ ಪಿನ್ ಕಂಡರೆ ಅದನ್ನು ಸ್ಟೀರಿಯೋ ಅಂದುಕೊಳ್ಳುವುದಿಲ್ಲ. ತುದಿಯಲ್ಲಿ ಬಂದದ್ದರಿಂದ ಉಂಗುರದಲ್ಲಿ ಬಂದದ್ದನ್ನು ಕಳೆದುಬಿಡುತ್ತದೆ. ವಯರ್‌ನಲ್ಲಿ ಸೇರಿಕೊಂಡ ಗೊರಗೊರ ಸದ್ದು ತೆಗೆಯುವುದಕ್ಕೆ ಅದು ಮಾಡಿಕೊಂಡ ಉಪಾಯ ಇದು. ಈಗ ಯೋಚಿಸಿ. ಕಿಕ್, ಸ್ನೇರ್, ಬೇಸ್ ಸಾಮಾನ್ಯವಾಗಿ ನಡುಮಧ್ಯದಲ್ಲಿ, ಎರಡೂ ಕಿವಿಗೆ ಸಮನಾಗಿ ಇರುತ್ತವೆ. ಐದರಲ್ಲಿ ಐದು ಕಳೆದರೆ ಸೊನ್ನೆ. ಎಡಬಲದಲ್ಲಿ ಬೇರೆ ಬೇರೆ ಇರುವ ಎಕೋ, ಕೋರಸ್ ಮಾತ್ರ ಉಳಿಯುತ್ತದೆ. ತಿಳಿಸಾರಿನ ತಿಳಿಯಷ್ಟೇ ಬಡಿಸಿದ ಹಾಗೆ.

ಇದಕ್ಕೆ ಮದ್ದು ಒಂದು ವೈ ಕೇಬಲ್. ಒಂದು ತುದಿಯಲ್ಲಿ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಎರಡು ಮೋನೋ ಪಿನ್. ಎರಡನ್ನೂ ಎರಡು ಚಾನೆಲ್‌ಗೆ ಹಾಕಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಿರುಗಿಸಿ. ನಿಮ್ಮ ಕೀಬೋರ್ಡ್‌ನಲ್ಲಿ ಎಲ್ ಮತ್ತು ಆರ್ ಅಂತ ಬೇರೆ ಬೇರೆ ಔಟ್‌ಪುಟ್ ಇದ್ದರೆ ಇನ್ನೂ ಒಳ್ಳೆಯದು. ಒಂದೇ ಸ್ಪೀಕರ್ ಇದ್ದರೆ 'ಎಲ್/ಎಲ್+ಆರ್' ಅಂತ ಬರೆದ ತೂತಿಗೆ ಮಾತ್ರ ವಯರ್ ಹಾಕಿ, ಕೀಬೋರ್ಡೇ ಎರಡನ್ನೂ ಸೇರಿಸಿ ಕೊಡುತ್ತದೆ. ಹೀಗೆ ಸೇರಿಸಿದಾಗ ಕೆಲವು ಪಿಯಾನೋ ಸೌಂಡುಗಳು ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತವೆ. ಎಡಬಲದ ಅಲೆಗಳು ಅಲ್ಲಲ್ಲಿ ಒಂದನ್ನೊಂದು ತಿಂದುಹಾಕುವುದರಿಂದ ಹೀಗಾಗುತ್ತದೆ. ಆಗ ಬೇರೆ ಪಿಯಾನೋ ಆರಿಸಿಕೊಳ್ಳುವುದೇ ಸುಲಭ. ನಾನಂತೂ ಕಾರ್ಯಕ್ರಮದ ಹಿಂದಿನ ದಿನವೇ ಒಂದೇ ಸ್ಪೀಕರ್‌ನಲ್ಲಿ ಎಲ್ಲ ಸೌಂಡುಗಳನ್ನೂ ಕೇಳಿ ಪಟ್ಟಿ ಮಾಡಿಟ್ಟುಕೊಳ್ಳುತ್ತೇನೆ.

ವಯರ್ ಸರಿಯಾಯಿತು, ಆದರೂ ಮಂಕು ಅಂದರೆ? ಆಗ ಕೀಬೋರ್ಡ್‌ನ ಒಳಗೆ ಹೋಗಬೇಕು.

ಯಮಹಾ ಪಿಎಸ್‌ಆರ್-ಇ373 ತಗೊಳ್ಳಿ. ಅದರೊಳಗಿರುವುದು 2.5 ವ್ಯಾಟ್‌ನ ಎರಡು ಆಂಪ್ಲಿಫೈಯರ್. ದುಬಾರಿ ಪಿಎಸ್‌ಆರ್-ಎಸ್‌ಎಕ್ಸ್900ರಲ್ಲೂ ಎಲ್ಲ ಸೇರಿ 50 ವ್ಯಾಟ್. ಬೇಸ್ ಗಿಟಾರ್‌ನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಂಗೈಯಗಲದ ಸ್ಪೀಕರ್ ಅಷ್ಟು ಕೆಳಗಿನ ಸ್ವರವನ್ನು ಸರಿಯಾಗಿ ಕೊಡಲಾರದು. ಹಾಗಾಗಿ ಸಣ್ಣ ಕೀಬೋರ್ಡ್‌ಗಳಲ್ಲಿ ಆ ಪುಟ್ಟ ಸ್ಪೀಕರ್‌ಗೆ ಒಪ್ಪುವ ಹಾಗೆ ಸೌಂಡನ್ನು ಮೊದಲೇ ತಿದ್ದಿರುತ್ತಾರೆ. ಯಮಹಾದ ಇ ಸರಣಿಯ ಹಲವು ಮಾದರಿಗಳಲ್ಲಿ ಮಾಸ್ಟರ್ ಇಕ್ಯೂ ಅಂತ, ಒಟ್ಟು ಸೌಂಡಿನ ಬೇಸ್, ಟ್ರೆಬಲ್ ತಿದ್ದುವ ಒಂದು ಆಯ್ಕೆ ಇದೆ. ಅದರಲ್ಲಿ ಸ್ಪೀಕರ್, ಹೆಡ್‌ಫೋನ್, ಬೂಸ್ಟ್ ಇತ್ಯಾದಿ ಸಿಗುತ್ತವೆ. ಇಲ್ಲಿ 'ಸ್ಪೀಕರ್' ಅಂದರೆ ಕೀಬೋರ್ಡ್‌ನ ಸ್ವಂತ ಸ್ಪೀಕರ್. ಹೊರಗಿನ ಸ್ಪೀಕರ್‌ಗೆ ಹಾಕುವಾಗ 'ಹೆಡ್‌ಫೋನ್' ಆರಿಸಬೇಕು. ಹೆಸರು ನೋಡಿ ಎಷ್ಟು ಜನ ಉಲ್ಟಾ ಮಾಡಿಕೊಂಡಿದ್ದಾರೆ ಅಂತೀರಿ! ಅವರ ತಪ್ಪೂ ಅಲ್ಲ ಬಿಡಿ.

ಇದರ ಮೇಲೆ ನಾವೂ ಒಂದಷ್ಟು ಮಸಾಲೆ ಸುರಿದಿರುತ್ತೇವೆ. ರಾತ್ರಿ ಮನೆಯವರು ಮಲಗಿದ ಮೇಲೆ ಸಣ್ಣ ಸೌಂಡಿನಲ್ಲಿ ಅಭ್ಯಾಸ. ಬೇಸ್ ಸಾಲದು ಅನ್ನಿಸುತ್ತದೆ, ಏರಿಸುತ್ತೇವೆ. ಸಣ್ಣ ಸೌಂಡಿನಲ್ಲಿ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಕಡಿಮೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಅದೇ ಸೆಟ್ಟಿಂಗ್ ಸೇವ್ ಮಾಡಿಕೊಂಡು ಹೋಗಿ 15 ಇಂಚಿನ ಸ್ಪೀಕರ್‌ಗೆ ಜೋರಾಗಿ ಹಾಕಿದರೆ ಗುಂಯ್ ಅನ್ನುವ ಗುಡುಗು ಬಿಟ್ಟು ಬೇರೇನೂ ಕೇಳುವುದಿಲ್ಲ. ಆ ಗುಡುಗಿನಡಿ ಉಳಿದೆಲ್ಲ ಮುಚ್ಚಿಹೋಗುತ್ತದೆ. ಅದನ್ನೇ ನಾವು ಡಲ್ ಅನ್ನುವುದು. ಆದ್ದರಿಂದ ಕೀಬೋರ್ಡ್‌ನಲ್ಲಿ ಏರಿಸಿದ್ದನ್ನೆಲ್ಲ ಮೊದಲು ಸೊನ್ನೆಗೆ ತನ್ನಿ. ಆಮೇಲೂ ಮಂಕಾಗಿದ್ದರೆ ಮಿಕ್ಸರ್‌ನಲ್ಲಿ 300 ಹರ್ಟ್ಸ್ ಹತ್ತಿರ ಮೂರು ಡೆಸಿಬೆಲ್ ಇಳಿಸಿ. ಟ್ರೆಬಲ್ ಏರಿಸುವ ಆಸೆ ಆಗುತ್ತದೆ, ತಡೆದುಕೊಳ್ಳಿ. ಹತ್ತು ನಿಮಿಷಕ್ಕೆ ಕಿವಿ ಕಿತ್ತುಹೋಗುತ್ತದೆ.

ವಾಲ್ಯೂಮ್ ವಿಷಯಕ್ಕೆ ಜಾಸ್ತಿ ಹೇಳುವುದಿಲ್ಲ. ಕೀಬೋರ್ಡ್‌ನದು ಮುಕ್ಕಾಲು ಭಾಗದಲ್ಲಿರಲಿ, ಉಳಿದದ್ದು ಮಿಕ್ಸರ್‌ನ ಗೇನ್ ನೋಡಿಕೊಳ್ಳುತ್ತದೆ. ಕೆಂಪು ದೀಪ ಉರಿಯಬಾರದು, ಅಷ್ಟೇ.

ನಿಜವಾದ ಜೀವ ಇರುವುದು ಸ್ಟೈಲ್‌ನ ಒಳಗೆ, ಅಂದರೆ ಕೀಬೋರ್ಡ್ ತಾನೇ ನುಡಿಸುವ ಆ ತಂಡದ ಒಳಗೆ. ಯಮಹಾದ ದೊಡ್ಡ ಮಾದರಿಗಳಲ್ಲಿ ಒಂದು ಸ್ಟೈಲ್ ಅಂದರೆ ಎಂಟು ಭಾಗ. ರಿದಮ್ ಎರಡು, ಬೇಸ್ ಒಂದು, ಕಾರ್ಡ್ ಎರಡು, ಪ್ಯಾಡ್ ಒಂದು, ಫ್ರೇಸ್ ಎರಡು. ಮನೆಯಲ್ಲಿ ಒಬ್ಬರೇ ಕೂತಾಗ ಎಂಟೂ ಬೇಕು, ತುಂಬಿದ ಹಾಗಿರುತ್ತದೆ. ವೇದಿಕೆ ಮೇಲೆ ಗಾಯಕರಿದ್ದಾರೆ, ಢೋಲಕ್ ಅಥವಾ ರಿದಮ್ ಪ್ಯಾಡ್ ಇದೆ. ಅಲ್ಲೂ ಎಂಟನ್ನೂ ಬಿಟ್ಟರೆ ಸಂತೆ. ನಾನು ಮೊದಲು ಆಫ್ ಮಾಡುವುದು ಪ್ಯಾಡ್ ಭಾಗವನ್ನು. ಅದು ಹಿಂದೆ ಮೋಡದ ಹಾಗೆ ಹರಡಿಕೊಂಡು ಎಲ್ಲವನ್ನೂ ಮಸುಕು ಮಾಡುತ್ತದೆ. ಆಮೇಲೆ ಫ್ರೇಸ್‌ಗಳಲ್ಲಿ ಒಂದು. ಹಾಡುವವರ ಸಾಲಿನ ಮೇಲೆ ತಾನೂ ಹಾಡುತ್ತಾ ಕೂರುವ ಅಧಿಕಪ್ರಸಂಗಿ ಅದು. ಬೇಸ್ ಮತ್ತು ಮುಖ್ಯ ರಿದಮ್ ಮುಟ್ಟುವುದಿಲ್ಲ. ತಂಡದಲ್ಲಿ ಬೇಸ್ ಗಿಟಾರ್‌ನವರೇ ಇದ್ದರೆ ಮಾತ್ರ ಸ್ಟೈಲ್‌ನ ಬೇಸ್ ಬಂದ್. ಸಣ್ಣ ಕೀಬೋರ್ಡ್‌ನಲ್ಲಿ ಹೀಗೆ ಬಿಡಿಸಿ ಆಫ್ ಮಾಡಲು ಬರದಿದ್ದರೆ ಸ್ಟೈಲ್ ವಾಲ್ಯೂಮ್ 100ರಿಂದ 80ಕ್ಕೆ ಇಳಿಸಿ, ಬಲಗೈ ಸೌಂಡು ತಾನಾಗಿ ಮೇಲೆದ್ದು ಬರುತ್ತದೆ.

ಬಲಗೈಯದೂ ಒಂದು ಚಟ ಇದೆ. ಪಿಯಾನೋ ಹಾಕಿದರೆ ಜೊತೆಗೆ ಸ್ಟ್ರಿಂಗ್ಸ್ ಇರಲೇಬೇಕು, ಪ್ರತಿ ಹಾಡಿಗೂ. ಬೇಡ. ಒಂದೇ ಸೌಂಡು ಸ್ಪಷ್ಟವಾಗಿ ಕೊನೆಯ ಕುರ್ಚಿವರೆಗೂ ಮುಟ್ಟುತ್ತದೆ. ಟಚ್ ಆನ್ ಇದೆಯಾ ಅಂತಲೂ ನೋಡಿಕೊಳ್ಳಿ. ಆಫ್ ಆಗಿದ್ದರೆ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ಸದ್ದು. ಯಾವ ಸ್ಪೀಕರ್ ತಂದರೂ ಅದಕ್ಕೆ ಜೀವ ಬರುವುದಿಲ್ಲ.

ರಿವರ್ಬ್, ಅಂದರೆ ದೊಡ್ಡ ಹಾಲ್‌ನಲ್ಲಿ ನುಡಿಸಿದ ಹಾಗೆ ಕೇಳಿಸುವ ಗುಂಗು, ಮನೆಯ ಪುಟ್ಟ ಕೋಣೆಗೆ ಚೆಂದ. ನಮ್ಮ ಕಲ್ಯಾಣ ಮಂಟಪಗಳಲ್ಲಿ ಗ್ರಾನೈಟ್ ನೆಲ, ಬೋಳು ಗೋಡೆ, ಎತ್ತರದ ಚಾವಣಿ. ಚಪ್ಪಾಳೆ ತಟ್ಟಿದರೆ ಮೂರು ಸಲ ಕೇಳುತ್ತದೆ. ಅಲ್ಲಿ ಕೀಬೋರ್ಡ್‌ನ ರಿವರ್ಬ್ ಅರ್ಧಕ್ಕಿಂತ ಕಡಿಮೆ ಮಾಡಿ. ಸ್ಪೀಕರ್ ಮೂಲೆಗೆ ಒತ್ತಿ ಇಡಬೇಡಿ, ಬೇಸ್ ಊದಿಕೊಳ್ಳುತ್ತದೆ. ಸ್ಟ್ಯಾಂಡ್ ಮೇಲೆ, ಕೂತವರ ತಲೆಗಿಂತ ಎತ್ತರದಲ್ಲಿರಲಿ. ಟ್ರೆಬಲ್ ನೇರ ದಾರಿಯಲ್ಲಿ ಹೋಗುತ್ತದೆ, ಕೆಳಗಿಟ್ಟರೆ ಮುಂದಿನ ಸಾಲಿನ ರೇಷ್ಮೆ ಸೀರೆಗಳೇ ಅದನ್ನು ನುಂಗಿಬಿಡುತ್ತವೆ.

ಬ್ಲೂಟೂತ್ ಸ್ಪೀಕರ್ ಬಗ್ಗೆ ಕೇಳುವವರಿಗೆ ಒಂದು ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಬ್ಲೂಟೂತ್‌ನಲ್ಲಿ 150 ಮಿಲಿಸೆಕೆಂಡ್ ತಡವಾದರೆ ನಿಮ್ಮ ಸ್ಪೀಕರ್ 50 ಮೀಟರ್ ದೂರದಲ್ಲಿದ್ದ ಹಾಗೆ. ಹಾಡು ಕೇಳೋಕೆ ಪರವಾಗಿಲ್ಲ, ನುಡಿಸೋಕೆ ಆಗಲ್ಲ. ಇನ್ನು ಹಮ್ಮಿಂಗ್ ಬರುತ್ತಿದ್ದರೆ ಕೀಬೋರ್ಡ್ ಮತ್ತು ಮಿಕ್ಸರ್ ನಡುವೆ ಡಿಐ ಬಾಕ್ಸ್ ಅನ್ನುವ ಪುಟ್ಟ ಪೆಟ್ಟಿಗೆ ಹಾಕಿ. ಅದರಲ್ಲಿ ಸೌಂಡ್ ವಯರ್‌ನ ಗ್ರೌಂಡ್ ಮಾತ್ರ ಬಿಡಿಸುವ ಗ್ರೌಂಡ್ ಲಿಫ್ಟ್ ಅನ್ನುವ ಗುಂಡಿ ಇರುತ್ತದೆ. ಆದರೆ ಕರೆಂಟ್ ಪ್ಲಗ್ಗಿನ ಮೂರನೇ ಪಿನ್ ಕಿತ್ತು ಹಮ್ಮಿಂಗ್ ನಿಲ್ಲಿಸುವವರ ಜೊತೆ ನಾನು ಕೆಲಸ ಮಾಡುವುದಿಲ್ಲ. 230 ವೋಲ್ಟ್ ಮೈಕ್ ಹಿಡಿದವರ ತುಟಿಗೇ ಬರಬಹುದು.

ಗಿಟಾರ್‌ನವರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ಸ್ಟೈಲ್ ಶುರು ಮಾಡಿ ಒಂದು ಕಾರ್ಡ್ ಒತ್ತಿ ಕೈ ಬಿಟ್ಟರೂ ಅದು ನುಡಿಯುತ್ತಲೇ ಇರುತ್ತದೆ. ಜನ ಬರುವ ಮುಂಚೆ ಹಾಗೇ ಬಿಟ್ಟು, ವೇದಿಕೆ ಇಳಿದು, ಊಟದ ಹಾಲ್‌ನ ಬಾಗಿಲವರೆಗೂ ನಡೆದುಕೊಂಡು ಹೋಗಿ. ಎಲೆ ಹಾಕುತ್ತಿರುವವರ ಪಕ್ಕ ನಿಂತು ಕೇಳಿ. ಕಿಕ್ ಎಲ್ಲಿದೆ, ಬೇಸ್‌ನ ಸ್ವರ ಬಿಡಿಬಿಡಿಯಾಗಿ ಕೇಳುತ್ತಿದೆಯಾ? ಇಲ್ಲ ಅನ್ನಿಸಿದರೆ ವಾಪಸ್ ಬಂದು ಇನ್ನೊಂದು ಭಾಗ ಆಫ್ ಮಾಡಿ, ಮತ್ತೆ ಹೋಗಿ. ನಾನು ಕಡಿಮೆ ಅಂದರೂ ಮೂರು ಸಲ ಓಡಾಡುತ್ತೇನೆ. ಬಡಿಸುವವರು ನನ್ನನ್ನು ಊಟಕ್ಕೆ ಅವಸರ ಮಾಡುವವನು ಅಂದುಕೊಂಡಿರಬೇಕು.