ಮೂರು ಸಲ ತಡವಾಗಿ ಬಂದರೆ ಅರ್ಧ ದಿನದ ಪಗಾರ ಹಿಡಿಯಬಹುದೇ?

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ನಾನು ಮಾನವ ಸಂಪನ್ಮೂಲ ವಿಭಾಗ ನೋಡಿಕೊಳ್ಳುತ್ತೇನೆ. ತಿಂಗಳಲ್ಲಿ ಮೂರು ಸಲ ತಡವಾಗಿ ಬಂದವರಿಗೆ ಅರ್ಧ ದಿನದ ಸಂಬಳ ಕಡಿತ ಮಾಡುವ ಪದ್ಧತಿ ನಮ್ಮಲ್ಲಿ ಮೊದಲಿನಿಂದ ಇದೆ. ಕುಂದಗೋಳ, ನವಲಗುಂದದ ಕಡೆಯಿಂದ ಬಸ್ಸಿಗೆ ಬರುವ ಕೆಲವರು ಈಗ ತಕರಾರು ತೆಗೆದಿದ್ದಾರೆ. ನಮ್ಮ ಪದ್ಧತಿ ಸರಿಯೇ?

ಉತ್ತರ: ಈಗಿರುವ ರೂಪದಲ್ಲಿ ಸರಿಯಲ್ಲ. ಗೋಕುಲ ರಸ್ತೆಯಿಂದ ಧಾರವಾಡದ ಬೇಲೂರಿನವರೆಗೆ ಎಷ್ಟೋ ಕಡೆ ಇದೇ ರೂಢಿ ಇದೆ ಎಂಬುದು ನಿಜ. ಆದರೆ ರೂಢಿಯಲ್ಲಿದೆ ಎಂದ ಮಾತ್ರಕ್ಕೆ ಅದು ಕಾನೂನುಬದ್ಧ ಆಗುವುದಿಲ್ಲ.

ಗೈರುಹಾಜರಿಗೆ ಎಷ್ಟು ಕಡಿತ ಮಾಡಬಹುದು ಎಂಬುದನ್ನು 1936ರ ವೇತನ ಪಾವತಿ ಕಾಯ್ದೆಯ 9ನೇ ಕಲಮು ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ 2019ರ ವೇತನ ಸಂಹಿತೆಯ 20ನೇ ಕಲಮು ಅದನ್ನೇ ಮುಂದುವರಿಸಿದೆ. ನೌಕರ ಆ ವೇತನಾವಧಿಯಲ್ಲಿ ಒಟ್ಟು ಎಷ್ಟು ಹೊತ್ತು ಕೆಲಸ ಮಾಡಬೇಕಿತ್ತೋ ಅದರಲ್ಲಿ ಎಷ್ಟು ಹೊತ್ತು ಬರಲಿಲ್ಲವೋ ಅಷ್ಟೇ ಪ್ರಮಾಣದ ಸಂಬಳವನ್ನು ಕಡಿತ ಮಾಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಹಳೆಯ ಕಾಯ್ದೆ ತಿಂಗಳಿಗೆ ₹24,000 ದಾಟದ ಸಂಬಳದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಸಂಹಿತೆಯಲ್ಲಿ ಆ ಮಿತಿ ಇಲ್ಲವಾದ್ದರಿಂದ ಮೇಲ್ವಿಚಾರಕರಿಗೂ ಇದೇ ನಿಯಮ.

ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ ₹18,200 ಸಂಬಳ, 26 ಕೆಲಸದ ದಿನ, ದಿನಕ್ಕೆ 8 ತಾಸು ಎಂದುಕೊಂಡರೆ ಒಟ್ಟು 208 ತಾಸು, ತಾಸಿಗೆ ₹87.50 ಬೀಳುತ್ತದೆ. ಒಬ್ಬರು ಮೂರು ದಿನ ಕ್ರಮವಾಗಿ 12, 15, 18 ನಿಮಿಷ ತಡವಾಗಿ ಬಂದಿದ್ದರೆ ಒಟ್ಟು ಮುಕ್ಕಾಲು ತಾಸು, ಅಂದರೆ ₹65.62. ನೀವು ಹಿಡಿಯುತ್ತಿರುವುದು ₹350. ಹನ್ನೆರಡು ನಿಮಿಷವನ್ನು ಅರ್ಧ ತಾಸೆಂದು ದುಂಡು ಮಾಡುವ ಹಾಜರಾತಿ ತಂತ್ರಾಂಶಗಳೂ ಸಣ್ಣ ಪ್ರಮಾಣದಲ್ಲಿ ಇದೇ ತಪ್ಪು ಮಾಡುತ್ತವೆ.

ಹೆಚ್ಚುವರಿ ಹಿಡಿದ ₹284.38 ವಾಸ್ತವದಲ್ಲಿ ದಂಡ. ದಂಡ ಹಾಕುವುದಕ್ಕೆ ಅವಕಾಶವಿದೆ, ಸಂಹಿತೆಯ 19ನೇ ಕಲಮಿನಲ್ಲಿ ಅದರ ಮಿತಿ ಆ ಅವಧಿಯ ವೇತನದ ಶೇ. 3, ಅಂದರೆ ಮೇಲಿನ ಉದಾಹರಣೆಯಲ್ಲಿ ₹546. ಇದನ್ನು ಓದಿದೊಡನೆ ‘ಹಾಗಾದರೆ ದಂಡ ಎಂದೇ ಬರೆದರಾಯಿತು’ ಎನ್ನುವವರಿದ್ದಾರೆ. ಅಷ್ಟು ಸುಲಭವಿಲ್ಲ. ಯಾವ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಸರ್ಕಾರದ ಅಥವಾ ನಿಗದಿತ ಪ್ರಾಧಿಕಾರದ ಪೂರ್ವಾನುಮೋದನೆ ಬೇಕು, ಅದನ್ನು ಕೆಲಸದ ಜಾಗದಲ್ಲಿ ಸೂಚನಾಫಲಕಕ್ಕೆ ಹಾಕಿರಬೇಕು, ದಂಡ ಹಾಕುವ ಮೊದಲು ನೌಕರನ ವಿವರಣೆ ಕೇಳಬೇಕು, ಕಂತಿನಲ್ಲಿ ವಸೂಲಿ ಮಾಡುವಂತಿಲ್ಲ, 90 ದಿನ ಕಳೆದ ಮೇಲೂ ಮಾಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವಸೂಲಾದ ಹಣವನ್ನು ದಾಖಲೆ ಪುಸ್ತಕಕ್ಕೆ ಹತ್ತಿಸಿ, ಅನುಮೋದಿತ ರೀತಿಯಲ್ಲಿ ನೌಕರರ ಹಿತಕ್ಕೇ ಖರ್ಚು ಮಾಡಬೇಕು. ಮಾಲೀಕರ ಖಾತೆಯಲ್ಲೇ ಉಳಿಯುವ ₹284.38ಕ್ಕೆ ನಿಮ್ಮ ಬಳಿ ಸಮರ್ಥನೆ ಇಲ್ಲದಿರುವುದು ಇಲ್ಲಿಯೇ.

ನೇಮಕಾತಿ ಪತ್ರದಲ್ಲಿ ನೌಕರ ಒಪ್ಪಿ ಸಹಿ ಮಾಡಿದ್ದಾನೆ ಎಂಬ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಶಾಸನ ಕೊಟ್ಟ ಹಕ್ಕನ್ನು ಕರಾರಿನಿಂದ ಕಳೆಯಲಾಗದು.

ಬೆಳಿಗ್ಗೆ 9:12 ಎಂದು ತಡವನ್ನು ದಾಖಲಿಸಿದ ಅದೇ ಹಾಜರಾತಿ ಯಂತ್ರ ಸಂಜೆ ಹೊರಟ ಹೊತ್ತನ್ನೂ ದಾಖಲಿಸಿರುತ್ತದೆ. ತಡವಾದ ನಿಮಿಷಗಳನ್ನು ಎಣಿಸಿ, ಪಾಳಿ ಮುಗಿದ ಮೇಲೆ ಕೆಲಸಕ್ಕೆ ಉಳಿಸಿಕೊಂಡ ನಿಮಿಷಗಳನ್ನು ಎಣಿಸದ ಸಂಸ್ಥೆಯ ಮುಂದೆ ಇಮ್ಮಡಿ ದರದ ಹೆಚ್ಚುವರಿ ಅವಧಿ ವೇತನದ ಬೇಡಿಕೆ ಬಂದರೆ ಆಶ್ಚರ್ಯವಿಲ್ಲ. ಸಂಹಿತೆಯ ಪ್ರಕಾರ ನೌಕರ ಮೂರು ವರ್ಷದೊಳಗೆ ದೂರು ಸಲ್ಲಿಸಬಹುದು, ಪ್ರಾಧಿಕಾರವು ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದು, ಸಂಬಳ ಸರಿಯಾಗಿ ಕೊಟ್ಟಿದ್ದೇವೆಂದು ಸಾಬೀತು ಮಾಡುವ ಹೊಣೆ ಮಾಲೀಕನದು.

ಪದೇ ಪದೇ ತಡವಾಗಿ ಬರುವವರನ್ನು ಸುಮ್ಮನೆ ಬಿಡಬೇಕೆಂದು ಇದರ ಅರ್ಥವಲ್ಲ. ಮಾದರಿ ಸ್ಥಾಯಿ ಆದೇಶಗಳು (ಕೈಗಾರಿಕಾ ಘಟಕಗಳ ಸೇವಾ ನಿಯಮಗಳಿಗೆ ಸರ್ಕಾರ ಕೊಟ್ಟ ಮಾದರಿ) ಅಭ್ಯಾಸವಾಗಿ ತಡವಾಗಿ ಬರುವುದನ್ನು ದುರ್ನಡತೆ ಎಂದೇ ಪರಿಗಣಿಸುತ್ತವೆ. ಲಿಖಿತ ಎಚ್ಚರಿಕೆ, ಕಾರಣ ಕೇಳುವ ನೋಟಿಸು, ಬೇಕಾದರೆ ಆಂತರಿಕ ವಿಚಾರಣೆ, ಈ ದಾರಿ ತೆರೆದೇ ಇದೆ. ಆದರೆ ತಡವಾಗುತ್ತಿರುವುದು ಒಂದೇ ಮಾರ್ಗದ ಬಸ್ಸಿಗೆ ಬರುವವರಿಗಷ್ಟೇ ಆಗಿದ್ದರೆ, ನೋಟಿಸಿಗಿಂತ ಮೊದಲು ಪಾಳಿಯ ಆರಂಭವನ್ನು ಕಾಲು ತಾಸು ಮುಂದಕ್ಕೆ ಹಾಕಿ, ಅಷ್ಟನ್ನು ಸಂಜೆ ಸರಿದೂಗಿಸುವುದು ನನ್ನ ದೃಷ್ಟಿಯಲ್ಲಿ ಅಗ್ಗದ ಪರಿಹಾರ. ಈ ತಿಂಗಳಿನಿಂದಲೇ ನಿಮಿಷಕ್ಕೆ ತಕ್ಕ ಕಡಿತಕ್ಕೆ ಬದಲಾಯಿಸಿ, ವೇತನ ಚೀಟಿಯಲ್ಲಿ ಅದನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸಿ, ತಕರಾರು ಎತ್ತಿದವರಿಂದ ಹಿಂದೆ ಹೆಚ್ಚಿಗೆ ಹಿಡಿದ ಮೊತ್ತವನ್ನು ಮುಂದಿನ ಪಗಾರದಲ್ಲಿ ಮರಳಿಸಿ.