ಸ್ಕ್ಯಾರಬ್ ತಾಯಿತ: ಬೆನ್ನು ನೋಡಿದರೆ ಸಾಲದು, ಹೊಟ್ಟೆಯನ್ನೂ ಓದಬೇಕು

ಪ್ರಾಚೀನ ಈಜಿಪ್ಟಿನ ಸ್ಕ್ಯಾರಬ್ ಅಂದರೆ ಸಗಣಿ ಹುಳದ ಆಕಾರದ ತಾಯಿತ. ಮ್ಯೂಸಿಯಂ ಗಾಜಿನ ಹಿಂದೆ ಅದರ ಬೆನ್ನು ಕಾಣುತ್ತದೆ. ಬರಹ ಇರುವುದು ಮಾತ್ರ ಹೊಟ್ಟೆಯ ಕಡೆ. ಆ ಬದಿಯ ಫೋಟೋ ಇದ್ದರೆ ಅದನ್ನು ಬಿಡಬೇಡಿ.

ಈ ಹುಳವೇ ಯಾಕೆ? ಅದು ಸಗಣಿ ಉಂಡೆ ಉರುಳಿಸುವುದನ್ನು ನಾವೂ ನೋಡಿದ್ದೇವೆ ಅಲ್ವಾ? ಈಜಿಪ್ಟಿನವರಿಗೆ ಆ ಉಂಡೆಯಲ್ಲಿ ಸೂರ್ಯ ಕಂಡ. ಬೆಳಗಿನ ಸೂರ್ಯದೇವರು ಖೆಪ್ರಿಗೆ ಈ ಹುಳದ್ದೇ ರೂಪ. ಅವರ ಲಿಪಿಯಲ್ಲಿ ಈ ಹುಳದ ಚಿತ್ರ ಬರೆದರೆ ‘ಖೆಪೆರ್’, ಅಂದರೆ ‘ಆಗು, ಹುಟ್ಟು’.

ಜಾಸ್ತಿ ಸ್ಕ್ಯಾರಬ್‌ಗಳು ಸ್ಟಿಯಟೈಟ್‌ನವು. ಅದು ಒಂದು ಬಗೆಯ ಬಳಪದ ಕಲ್ಲು. ಬೇಲೂರಿನ ಶಿಲ್ಪಿಗಳು ಬಳಪದ ಕಲ್ಲನ್ನು ಆರಿಸಿದ ಕಾರಣವೇ ಇಲ್ಲೂ ಇದೆ: ಕೆತ್ತಲು ಮೃದು. ಕೆತ್ತಿದ ಮೇಲೆ ಹಸಿರು ಅಥವಾ ನೀಲಿ ಮೆರುಗು ಹಚ್ಚಿ ಸುಡುತ್ತಿದ್ದರು, ಆಗ ಗಟ್ಟಿಯಾಗುತ್ತಿತ್ತು. ಉದ್ದಕ್ಕೂ ಒಂದು ತೂತು, ದಾರಕ್ಕೋ ಉಂಗುರಕ್ಕೋ. ಹಸಿ ಮಣ್ಣಿನ ಮೇಲೆ ಒತ್ತಿದರೆ ಅದೇ ಮುದ್ರೆ.

ಈಗ ನಾವು ಎಡವುವ ಜಾಗ. ಹೊಟ್ಟೆಯ ಮೇಲೆ ‘ಮೆನ್‌ಖೆಪೆರ್‌ರೆ’ ಎಂದಿದೆ ಅಂದುಕೊಳ್ಳಿ. ಅದು 3ನೇ ಥುಟ್‌ಮೋಸ್‌ನ ಪಟ್ಟದ ಹೆಸರು, ಕ್ರಿ.ಪೂ. 15ನೇ ಶತಮಾನದ ರಾಜ. ಹಾಗಾದರೆ ತಾಯಿತವೂ ಆಗಿನದೇ? ಹೇಳಲಾಗದು. ಅವನು ಸತ್ತು ನೂರಾರು ವರ್ಷವಾದರೂ ಜನ ಆ ಹೆಸರನ್ನು ರಕ್ಷೆಯಾಗಿ ಕೆತ್ತಿಸಿಕೊಂಡರು. ಹೆಸರೇ ಮಂತ್ರವಾಗಿತ್ತು. ಅದಕ್ಕೇ ಕಾಲ ಹೇಳುವ ಮೊದಲು ತಲೆಯ ಆಕಾರ, ಬೆನ್ನಿನ ಗೆರೆ, ಕಾಲು ಕೆತ್ತಿದ ರೀತಿ, ಸಿಕ್ಕ ಜಾಗ ಎಲ್ಲವನ್ನೂ ನೋಡಬೇಕು. ಸುಮ್ನೆ ಹೆಸರು ನಂಬಿದರೆ ಶತಮಾನಗಳೇ ತಪ್ಪುತ್ತವೆ.

3ನೇ ಅಮೆನ್‌ಹೊಟೆಪ್‌ನ ದೊಡ್ಡ ಸ್ಕ್ಯಾರಬ್‌ಗಳ ಕಥೆ ಬೇರೆ. ಅವು ರಾಜನ ಸುದ್ದಿಪತ್ರಗಳಿದ್ದಂತೆ. ಮೊದಲ 10 ವರ್ಷಗಳಲ್ಲಿ ತನ್ನ ಬಾಣದಿಂದಲೇ ನೂರಕ್ಕೂ ಹೆಚ್ಚು ಸಿಂಹಗಳನ್ನು ಕೊಂದೆ ಎಂದು ಒಂದರಲ್ಲಿದೆ. ಅದೇ ಬರಹದ ಹಲವು ಪ್ರತಿಗಳು ಬೇರೆ ಬೇರೆ ದೇಶಗಳ ಮ್ಯೂಸಿಯಂಗಳಲ್ಲಿವೆ, ಹೋಲಿಸಿ ಓದಲು ತುಂಬಾ ಅನುಕೂಲ.

ನನ್ನ ಮನಸ್ಸು ನಿಲ್ಲುವುದು ಹೃದಯದ ಸ್ಕ್ಯಾರಬ್ ಮುಂದೆ. ಸತ್ತವರ ಎದೆಯ ಮೇಲಿಡುತ್ತಿದ್ದದ್ದು ಇದನ್ನು. ಪರಲೋಕದಲ್ಲಿ ಹೃದಯವನ್ನು ಸತ್ಯ, ನ್ಯಾಯಗಳ ದೇವಿ ಮಾಆತ್‌ಳ ಗರಿಯ ಎದುರು ತೂಗುತ್ತಾರೆ ಎಂಬ ನಂಬಿಕೆ. ಆಗ ಹೃದಯವೇ ಬಾಯಿಬಿಟ್ಟರೆ? ಅದಕ್ಕೇ ಹೊಟ್ಟೆಯ ಮೇಲೆ ಬೇಡಿಕೆ: ತಾಯಿಯಿಂದ ಬಂದ ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ. ಇವುಗಳಲ್ಲಿ ಕೆಲವನ್ನು ಮೊದಲೇ ಕೆತ್ತಿ, ಹೆಸರಿಗೆ ಜಾಗ ಬಿಟ್ಟಿಡುತ್ತಿದ್ದರು. ಮಂತ್ರ ಪೂರ್ತಿಯಿದ್ದು, ಆ ಜಾಗ ಇಂದಿಗೂ ಖಾಲಿ ಉಳಿದ ಸ್ಕ್ಯಾರಬ್‌ಗಳೂ ಇವೆ.