ಒಂದು ಕ್ಲಿಕ್‌ನಷ್ಟು ದೂರದ ಪೈಪೋಟಿ

ದೊಡ್ಡ ತಂತ್ರಜ್ಞಾನ ಕಂಪನಿಗಳ ಏಕಸ್ವಾಮ್ಯದ ಮಾತು ಬಂದಾಗಲೆಲ್ಲ ಅವುಗಳ ಪರ ವಹಿಸುವವರು ಎರಡು ವಾದಗಳನ್ನು ಮುಂದಿಡುತ್ತಾರೆ: ಸೇವೆ ಪುಕ್ಕಟೆಯಾಗಿರುವಾಗ ಬಳಕೆದಾರರಿಗೆ ನಷ್ಟ ಎಲ್ಲಿಂದ ಬಂತು, ಬೇಡವೆನಿಸಿದರೆ ಇನ್ನೊಂದು ಸೇವೆ ಒಂದೇ ಕ್ಲಿಕ್‌ನಷ್ಟು ದೂರದಲ್ಲಿದೆಯಲ್ಲವೇ ಎಂದು. ಎದುರು ಪಕ್ಷದವರು ಗಾತ್ರವನ್ನೇ ಅಪರಾಧವೆಂದು ಎಣಿಸಿ, ಕಂಪನಿಗಳನ್ನು ಒಡೆದುಹಾಕಿ ಎನ್ನುತ್ತಾರೆ. ಯಂತ್ರದೊಳಗೆ ನಡೆಯುವುದೇನೆಂದು ಇಬ್ಬರೂ ಇಣುಕಿ ನೋಡುವುದಿಲ್ಲ ಎಂಬುದು ನನ್ನ ತಕರಾರು.

ಸರ್ಚ್ ಎಂಜಿನ್ ಜಾಲತಾಣಗಳನ್ನು ಓದುವುದು ಎಲ್ಲರಿಗೂ ಗೊತ್ತು. ಅದು ಬಳಸುವವರನ್ನೂ ಓದುತ್ತದೆ. ಅಪರೂಪದ ಕಾಯಿಲೆಯೊಂದರ ಹೆಸರನ್ನು ಯಾರೋ ಕಾಗುಣಿತ ತಪ್ಪಿ ಟೈಪ್ ಮಾಡಿದರೆಂದುಕೊಳ್ಳಿ. ಮೊದಲ ಕೊಂಡಿಯನ್ನು ತೆರೆದವರು ಕೆಲವೇ ಕ್ಷಣಗಳಲ್ಲಿ ಹಿಂದಿರುಗುತ್ತಾರೆ, ಎರಡನೆಯದನ್ನು ಮುಟ್ಟುವುದೇ ಇಲ್ಲ, ಮೂರನೆಯದಕ್ಕೆ ಹೋದವರು ಮರಳುವುದಿಲ್ಲ. ಅವರು ಕೇಳಬಯಸಿದ ಪದ ಯಾವುದು, ಯಾವ ಪುಟ ಕೆಳಗಿಳಿಯಬೇಕು, ಯಾವುದು ಮೇಲೇರಬೇಕು ಎಂಬುದಕ್ಕೆ ಯಂತ್ರಕ್ಕೆ ಸುಳಿವು ಸಿಕ್ಕಿತು. ಇಂಥ ನೂರಾರು ಸುಳಿವುಗಳು ಒಟ್ಟುಗೂಡಿದರೆ ಅದು ಪುರಾವೆ. ಜನ ತುಳಿದಷ್ಟೂ ಕಾಲುದಾರಿ ಸ್ಪಷ್ಟವಾಗುತ್ತದೆ, ಸ್ಪಷ್ಟವಾದಷ್ಟೂ ಇನ್ನಷ್ಟು ಜನ ಅದನ್ನೇ ಹಿಡಿಯುತ್ತಾರೆ. ಇಲ್ಲಿಯೂ ಬಳಕೆಯಿಂದ ಗುಣಮಟ್ಟ, ಗುಣಮಟ್ಟದಿಂದ ಬಳಕೆ ಬೆಳೆಯುತ್ತ ಹೋಗುತ್ತವೆ. ಲಕ್ಷಾಂತರ ಮಂದಿ ದಿನವೂ ಕೇಳುವ ಪ್ರಶ್ನೆಗಳಿಗೆ ಚಿಕ್ಕ ಕಂಪನಿಯೂ ಚೆನ್ನಾಗಿಯೇ ಉತ್ತರಿಸಬಲ್ಲದು. ಎಲ್ಲೋ ಯಾರೋ ಒಬ್ಬರು ಕೇಳುವ ಪ್ರಶ್ನೆಗಳಲ್ಲಿ ಅದು ಸೋಲುತ್ತದೆ, ಏಕೆಂದರೆ ಅಂಥ ಪ್ರಶ್ನೆ ಅದರ ಬಳಿಗೆ ಹಿಂದೆಂದೂ ಬಂದೇ ಇರುವುದಿಲ್ಲ. ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ಗೂಗಲ್ ವಿರುದ್ಧ ಕೊಟ್ಟ ತೀರ್ಪಿನಲ್ಲಿ ಈ ಅಂತರದ ಲೆಕ್ಕವಿದೆ: ಗೂಗಲ್‌ಗೆ 13 ತಿಂಗಳಲ್ಲಿ ಸಿಗುವಷ್ಟು ಬಳಕೆದಾರರ ದತ್ತಾಂಶ ಮೈಕ್ರೋಸಾಫ್ಟ್‌ನ ಬಿಂಗ್‌ಗೆ ಸಿಗಬೇಕಾದರೆ 17 ವರ್ಷಕ್ಕೂ ಹೆಚ್ಚು ಕಾಲ ಬೇಕು.

ಇನ್ನು ಆ ಒಂದು ಕ್ಲಿಕ್. ಫೋನು ಮತ್ತು ಬ್ರೌಸರ್‌ಗಳಲ್ಲಿ ಮೊದಲಿನಿಂದಲೇ ಕೂತಿರುವ ಸರ್ಚ್ ಎಂಜಿನ್ ತನ್ನದೇ ಆಗಿರಬೇಕೆಂದು ಗೂಗಲ್ 2021ರಲ್ಲಿ ತೆತ್ತ ಮೊತ್ತ 2,630 ಕೋಟಿ ಡಾಲರ್. ಬದಲಾಯಿಸುವುದು ಅಷ್ಟು ಸಲೀಸಾಗಿದ್ದರೆ ಇಷ್ಟು ಹಣವನ್ನು ಯಾವ ಕಂಪನಿಯೂ ಸುರಿಯುತ್ತಿರಲಿಲ್ಲ. ಬಿಂಗ್ ಮೊದಲೇ ಕೂತಿರುವ ಎಡ್ಜ್ ಬ್ರೌಸರ್‌ನಲ್ಲಿ ಶೇ 80ರಷ್ಟು ಹುಡುಕಾಟ ಬಿಂಗ್‌ನಲ್ಲೇ ನಡೆಯುತ್ತದೆ ಎಂಬುದನ್ನೂ ಅದೇ ತೀರ್ಪು ದಾಖಲಿಸಿದೆ. ಹಾಗೆಂದು ಈ ಸ್ಥಾನವೇ ಸರ್ವಶಕ್ತವಲ್ಲ: 2014ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಅಮೆರಿಕದಲ್ಲಿ ಯಾಹೂವನ್ನು ಕೂರಿಸಿತು, ಬಳಕೆದಾರರಲ್ಲಿ ಅನೇಕರು ಗೂಗಲ್‌ಗೆ ಮರಳಿದರು, 2017ರಲ್ಲಿ ಬ್ರೌಸರೂ ಅದೇ ಹಾದಿ ಹಿಡಿಯಿತು. ಕಾಸು ಕೊಟ್ಟು ಕೊಂಡ ಜಾಗ ಮತ್ತು ಗಳಿಸಿದ ಗುಣಮಟ್ಟ ಒಂದನ್ನೊಂದು ಪೋಷಿಸುವುದರಿಂದಲೇ ಇವೆರಡನ್ನು ಬಿಡಿಸಿ ನೋಡುವುದು ಕಷ್ಟ.

ಪುಕ್ಕಟೆಯ ವಾದದ ಬೇರು ಹಳೆಯದು. ಏಕಸ್ವಾಮ್ಯ ತಡೆಯುವ ಅಮೆರಿಕದ 1890ರ ಶರ್ಮನ್ ಕಾಯ್ದೆಯಡಿ ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು 1911ರಲ್ಲಿ 34 ತುಂಡುಗಳಾಗಿ ಒಡೆದಾಗ, ಅದರ ಆಳ್ವಿಕೆಯ ದಶಕಗಳಲ್ಲಿ ಸೀಮೆಎಣ್ಣೆಯ ಬೆಲೆ ಇಳಿದೇ ಇತ್ತು. ಆಗಿನ ದೂರು ಪೈಪೋಟಿಗಾರರನ್ನು ಹೊಸಕಿಹಾಕಿದ ರೀತಿಯ ಬಗ್ಗೆ. 1970ರ ದಶಕದ ಕೊನೆಗೆ ಅಮೆರಿಕದ ಕಾನೂನು ಪಂಡಿತ ರಾಬರ್ಟ್ ಬೋರ್ಕ್ ಮೊದಲಾದವರು ಗ್ರಾಹಕರ ಹಿತವೊಂದೇ ಅಳತೆಗೋಲು ಎಂದು ಪ್ರತಿಪಾದಿಸಿದ ಮೇಲೆ ನ್ಯಾಯಾಲಯಗಳ ಕಣ್ಣು ಬೆಲೆಯ ಮೇಲೆ ನೆಟ್ಟಿತು. ಬೆಲೆಯೇ ಇಲ್ಲದ ಸೇವೆಯ ಮುಂದೆ ಆ ಕಣ್ಣು ಮಂಜಾಗುತ್ತದೆ. ತನ್ನ ಹುಡುಕಾಟದ ಗುಣಮಟ್ಟವನ್ನು ಗಣನೀಯವಾಗಿ ಇಳಿಸಿದರೂ ಆದಾಯಕ್ಕೆ ಪೆಟ್ಟು ಬೀಳದು ಎಂದು ಗೂಗಲ್ 2020ರಲ್ಲಿ ಸ್ವತಃ ನಡೆಸಿದ ಅಧ್ಯಯನವೇ ತೋರಿಸಿತ್ತು. ಕಳಪೆ ಮಾಲು ಕೊಟ್ಟರೂ ಗಿರಾಕಿ ಹೋಗುವುದಿಲ್ಲ ಎಂಬ ಭರವಸೆಗಿಂತ ಏಕಸ್ವಾಮ್ಯಕ್ಕೆ ಬೇರೆ ಲಕ್ಷಣ ಬೇಕೇ?

ಆದರೂ ಒಡೆಯುವುದೊಂದೇ ಮದ್ದು ಎನ್ನುವವರೊಂದಿಗೆ ನಾನಿಲ್ಲ. ಎಣ್ಣೆ ಶುದ್ಧೀಕರಣ ಘಟಕಗಳನ್ನು ಪ್ರಾಂತವಾರು ಹಂಚಬಹುದಿತ್ತು (ಹಂಚಿದ ಮೇಲೆ ಷೇರುಗಳ ಬೆಲೆ ಏರಿ ರಾಕ್‌ಫೆಲರ್ ಮತ್ತಷ್ಟು ಶ್ರೀಮಂತನಾದ ಎಂಬುದು ಬೇರೆ ಮಾತು). ಬಳಕೆಯಿಂದ ಕಲಿಯುವ ಯಂತ್ರವನ್ನು ಎರಡು ಹೋಳು ಮಾಡಿದರೆ, ತುಸು ಮುಂದಿರುವ ಹೋಳಿಗೇ ಬಳಕೆದಾರರು ಮತ್ತೆ ವಾಲಬಹುದು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಮೊಕದ್ದಮೆಯಲ್ಲಿ ಮೆಹ್ತಾ ಅವರು ಗೂಗಲ್ ತನ್ನ ಕ್ರೋಮ್ ಬ್ರೌಸರನ್ನು ಮಾರಬೇಕೆಂಬ ಸರ್ಕಾರದ ಬೇಡಿಕೆಯನ್ನು ತಳ್ಳಿಹಾಕಿ, ಬೇರೆಯವರಿಗೆ ಎಡೆಯಿಲ್ಲದಂಥ ಒಪ್ಪಂದಗಳನ್ನು ನಿಷೇಧಿಸಿದರು. ಅರ್ಹ ಪೈಪೋಟಿಗಾರರೊಂದಿಗೆ ಹುಡುಕಾಟದ ಕೆಲವು ದತ್ತಾಂಶಗಳನ್ನು ಹಂಚಿಕೊಳ್ಳಬೇಕೆಂದರು. ಫೋನು, ಬ್ರೌಸರ್‌ಗಳಲ್ಲಿ ಮೊದಲೇ ಕೂರುವ ಸ್ಥಾನಕ್ಕಾಗಿ ಹಣ ಕೊಡುವುದನ್ನು ಮಾತ್ರ ತಡೆಯಲಿಲ್ಲ. ನನ್ನ ಎಣಿಕೆಯಲ್ಲಿ ದತ್ತಾಂಶದ ಆದೇಶ ಸರಿಯಾದ ಜಾಗಕ್ಕೇ ಕೈ ಹಾಕಿದೆ, ಹಣದ ವಿಷಯದಲ್ಲಿ ಅಳುಕಿದೆ.

ದತ್ತಾಂಶ ಹಂಚುವುದೂ ಸರಳವಲ್ಲ. ಪೈಪೋಟಿಗಾರರಿಗೆ ಬೇಕಾಗಿರುವುದು ಅಪರೂಪದ ಪ್ರಶ್ನೆಗಳೇ. ಕೇಳಿದವರು ಯಾರೆಂದು ಬಿಟ್ಟುಕೊಡುವ ಅಪಾಯ ಹೆಚ್ಚಿರುವುದೂ ಅವುಗಳಲ್ಲೇ. ಹಾಗಾಗಿ ಹಂಚುವ ಮೊದಲು ಖಾಸಗಿತನಕ್ಕಾಗಿ ಅವನ್ನು ಸೋಸಬೇಕೆಂಬ ಷರತ್ತಿದೆ. ಜರಡಿಯ ಕಣ್ಣು ತೀರ ಸಣ್ಣದಾದರೆ ಲಕ್ಷಾಂತರ ಮಂದಿ ಕೇಳಿದ ಪ್ರಶ್ನೆಗಳಷ್ಟೇ ಆಚೆ ಬರುತ್ತವೆ, ಅವು ಪೈಪೋಟಿಗಾರರ ಬಳಿ ಈಗಾಗಲೇ ಇವೆ.